ಹಂಡೆಯೊಳಗಿನ ಸಮುದ್ರ

ಜನವರಿ 2, 1984, ಸೋಮವಾರ

ಆಫೀಸಿನ ಡಾಕ್ಟ್ರು ಇವತ್ತು ಈ ಡೈರಿ ಕೊಟ್ಟರು. ಯಾವುದೋ ಮದ್ದಿನ ಕಂಪೆನಿಯವರು ಅವರಿಗೆ ಎರಡು ಕೊಟ್ಟಿದ್ದರಂತೆ. "ಬರೆಯಲಿಕ್ಕೆ ಬರ್ತದಲ್ಲ ನಿಮಗೆ?" ಅಂತ ಕೇಳಿದರು. ಎಂಟನೆಯ ಕ್ಲಾಸು ಅಂದೆ. "ಧಾರಾಳ ಆಯ್ತು" ಅಂದರು. ಧಾರಾಳವಾಗಿ ಬರೆಯಲಿಕ್ಕೆ ನನ್ನಲ್ಲಿ ಏನೂ ಇಲ್ಲ. ಅತ್ತೆಯ ಹತ್ತಿರ ಹೇಳಲಾಗದ್ದನ್ನು ಇದರಲ್ಲಿ ಹಾಕಿಟ್ಟರೆ ಆಯಿತು.

ನಾನು ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಆಫೀಸಿನ ಹೆಸರು ಸಮುದ್ರ ಮಾಲಿನ್ಯ ವೀಕ್ಷಣಾ ಉಪಕೇಂದ್ರ. ಇರುವುದು ಪುತ್ತೂರಿನಲ್ಲಿ, ಬೊಳುವಾರಿನ ಇಳಿಜಾರಿನ ಒಂದು ಬಾಡಿಗೆ ಮನೆಯಲ್ಲಿ. ಇಲ್ಲಿಂದ ಸಮುದ್ರ ನೋಡಬೇಕಾದರೆ ಮಂಗಳೂರಿನ ಬಸ್ಸು ಹತ್ತಬೇಕು. ಆಫೀಸು ಇಲ್ಲಿಗೆ ಬಂದಾಗಿನ ಮಂತ್ರಿಯೊಬ್ಬರು ಈ ಕಡೆಯವರು. ಪುತ್ತೂರಿಗೆ ಒಂದು ಸರಕಾರಿ ಆಫೀಸು ತರುತ್ತೇನೆ ಎಂದು ಮಾತು ಕೊಟ್ಟಿದ್ದರಂತೆ. ಆ ವರ್ಷ ಹಂಚಿ ಉಳಿದ ಆಫೀಸು ಸಮುದ್ರದ್ದು ಮಾತ್ರ. ಅದನ್ನೇ ತಂದರು.

ಮೊದಲ ದಿನ ಡಾಕ್ಟ್ರು ಕೇಳಿದ್ದು, "ನೀವು ಸುಂದರನ ಹೆಂಡತಿ ಅಲ್ವ?" ಅಂತ. ತಲೆಯಾಡಿಸಿದೆ. ನಮ್ಮವರು ಇದೇ ಆಫೀಸಿನಲ್ಲಿ ಅಟೆಂಡರ್ ಆಗಿದ್ದರು. ಅವರು ಹೋದ ಮೇಲೆ ಅದೇ ಕೆಲಸ ನನಗೆ ಕೊಟ್ಟದ್ದು. ನಾನು ಅವರ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಸ್ಸು ಕಡಿಮೆ ಎಂದು ಮದುವೆಯ ವಾರದಲ್ಲೇ ಅತ್ತೆ ಹೇಳಿಕೊಟ್ಟಿದ್ದರು. ಹೇಳದೆಯೂ ಕಡಿಮೆಯೇ ಆಯಿತು.

ಜನವರಿ 5, ಗುರುವಾರ

ನನ್ನ ಕೆಲಸ ಬಾಟ್ಲಿ ತೊಳೆಯುವುದು, ಗಾಜು ಒರೆಸುವುದು, ಚಹಾ ಮಾಡುವುದು. ಡಾಕ್ಟ್ರು ನನ್ನೊಡನೆ ಬಹಳ ಮಾತಾಡುತ್ತಾರೆ. ನಾನು ಉತ್ತರ ಕೊಡದ ಕಾರಣ ಇರಬೇಕು.

ಇವತ್ತು ಪಚ್ಚಿಲೆಯ ಬಗ್ಗೆ ಹೇಳಿದರು. ಪಚ್ಚಿಲೆ ಎಂದರೆ ಬಂಡೆಗೆ ಅಂಟಿಕೊಂಡು ಬೆಳೆಯುವ ಹಸಿರು ಚಿಪ್ಪು. ನಮ್ಮಲ್ಲಿ ತೆಂಗಿನಕಾಯಿ ಮಸಾಲೆ ಹಾಕಿ ಸುಕ್ಕ ಮಾಡಿ ತಿನ್ನುವುದಕ್ಕಿಂತ ಹೆಚ್ಚಿನ ಗೌರವ ಅದಕ್ಕೆ ಯಾರೂ ಕೊಟ್ಟದ್ದಿಲ್ಲ. "ನೋಡಿ ಮೋಹಿನಿ, ಸಮುದ್ರದ ನೀರನ್ನು ಬಾಟ್ಲಿಯಲ್ಲಿ ತಂದು ನೋಡಿದರೆ ಆ ಗಳಿಗೆಯ ಸಂಗತಿ ಮಾತ್ರ ಸಿಗುದು. ಪಚ್ಚಿಲೆ ಬಂಡೆ ಬಿಟ್ಟು ಹೋಗುದಿಲ್ಲ. ಹಗಲೂ ರಾತ್ರಿ ಅದೇ ನೀರು ಕುಡೀತದೆ. ನೀರಿನಲ್ಲಿ ಕೆಟ್ಟದ್ದು ಇದ್ದರೆ ಅದರ ಕಿವಿರು, ಹೊಟ್ಟೆಯ ಮಾಂಸ ಎಲ್ಲ ಬದಲಾಗ್ತದೆ. ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡಿದರೆ ಸಮುದ್ರಕ್ಕೆ ಎಂತ ಆಗಿದೆ ಅಂತ ಪಚ್ಚಿಲೆಯೇ ಹೇಳ್ತದೆ" ಅಂದರು.

ಮಂಗಳೂರಿನ ಆಚೆ ಈಚೆ ನಾಲ್ಕು ಜಾಗ ಗುರುತು ಮಾಡಿದ್ದಾರೆ. ಪ್ರತಿ ತಿಂಗಳು ಪ್ರತಿ ಜಾಗದಿಂದ ಇಪ್ಪತ್ತೈದು ಪಚ್ಚಿಲೆ. ನಾಲ್ಕನೆಯ ಜಾಗ ಒಂದು ಕಾರ್ಖಾನೆಯ ಕೊಳವೆ ಸಮುದ್ರಕ್ಕೆ ಬೀಳುವ ಬಂಡೆ.

ಬಾಟ್ಲಿಗಳೆಲ್ಲ ಕಪಾಟಿನಲ್ಲಿ ಸಾಲಾಗಿ ಇವೆ. ಮೇಲಿನ ಹಲಗೆಯ ಕೊನೆಯಲ್ಲಿ ಒಂದು ಬಾಟ್ಲಿಯ ಚೀಟಿಯಲ್ಲಿ 'ನಾಲ್ಕನೆಯ ಜಾಗ, ಜುಲೈ' ಎಂದು ನಮ್ಮವರ ಅಕ್ಷರದಲ್ಲಿ ಉಂಟು. ಆ ಹಲಗೆಯನ್ನು ನಾನು ಇನ್ನೂ ಒರೆಸಿಲ್ಲ.

ಜನವರಿ 8, ಆದಿತ್ಯವಾರ

ಇವತ್ತು ರಜೆ. ಬರೆದೇಬಿಡುತ್ತೇನೆ.

ಜುಲೈಯಲ್ಲಿ ಸಮುದ್ರಕ್ಕೆ ಮೀನಿನವರೂ ಇಳಿಯುವುದಿಲ್ಲ. ಆದರೆ ಬೆಂಗಳೂರಿನ ದೊಡ್ಡ ಆಫೀಸಿನಿಂದ ಬಂದ ನಕ್ಷೆಯಲ್ಲಿ ತಿಂಗಳಿಗೊಂದು ಮನೆ ಗೆರೆ ಹಾಕಿತ್ತು, ಜುಲೈಗೂ ಒಂದು ಇತ್ತು. ಯಾವ ತಿಂಗಳೂ ಖಾಲಿ ಬಿಡಬಾರದು ಎಂದು ಕಾಗದವೂ ಬಂದಿತ್ತು. ನಕ್ಷೆ ಮಾಡಿದವರ ಊರಿನಲ್ಲಿ ಜುಲೈ ಎಂದರೆ ಕೊಡೆ ಹಿಡಿದುಕೊಂಡರೆ ಮುಗಿಯುವ ತಿಂಗಳು. ನಮ್ಮವರು ಪೆರಾಬೆಯಲ್ಲಿ ಹೊಳೆಯಲ್ಲಿ ಈಜಿ ಬೆಳೆದವರು. "ಇಳಿತದ ಹೊತ್ತು ನೋಡಿ ಇಳಿದರೆ ಆಯ್ತು" ಅಂತ ಕಳೆದ ಜುಲೈಯಲ್ಲಿ ನಾಲ್ಕನೆಯ ಜಾಗಕ್ಕೆ ಹೋದರು. ಜೊತೆಗೆ ಹೋದವರು ಸಾಹುಲ್ ಹಮೀದ್ ಬ್ಯಾರಿ. ಅವರ ಮೀನಿನ ಲಾರಿಯಲ್ಲೇ ಪಚ್ಚಿಲೆ ಪುತ್ತೂರಿಗೆ ಬರುವುದು.

ಇಪ್ಪತ್ತು ಸಿಕ್ಕಿತು. ಮೇಲೆ ಬಂದು, ಕೊಳೆಯದಂತೆ ಇಡುವ ಮದ್ದು ಒಳಗೆ ಇಳಿಯಲಿ ಎಂದು ಪ್ರತಿಯೊಂದರ ಚಿಪ್ಪಿನ ನಡುವೆ ಮನೆ ಗುಡಿಸುವ ಹಿಡಿಸೂಡಿಯ ಕಡ್ಡಿ ಸಿಕ್ಕಿಸಿ, ಮದ್ದಿನ ಬಾಟ್ಲಿಗೆ ಹಾಕಿ, ಚೀಟಿ ಬರೆದು ಅಂಟಿಸಿ ಬ್ಯಾರಿಯ ಕೈಯಲ್ಲಿ ಕೊಟ್ಟರು. (ಆ ಕಡ್ಡಿಗಳಿಗಾಗಿ ನಮ್ಮ ಹಿಡಿಸೂಡಿಯನ್ನು ತೆಳ್ಳಗೆ ಮಾಡಿದ್ದಕ್ಕೆ ಅತ್ತೆ ಅವರನ್ನು ಬೆಳಿಗ್ಗೆ ಬೈದಿದ್ದರು. ಈಗ ಹಿಡಿಸೂಡಿ ಮುಟ್ಟುವಾಗಲೆಲ್ಲ ಅಳುತ್ತಾರೆ.) ಉಳಿದ ಐದಕ್ಕೆ ಮತ್ತೆ ಇಳಿದರು. ಮತ್ತೆ ಮೇಲೆ ಬರಲಿಲ್ಲ.

ಇಪ್ಪತ್ತೈದು ಇಲ್ಲದ ಬಾಟ್ಲಿ ಲೆಕ್ಕಕ್ಕಿಲ್ಲ ಎಂದು ನಿಯಮ. ಹಾಗಾಗಿ ಅದನ್ನು ಯಾರೂ ಕೊಯ್ಯಲಿಲ್ಲ. ಎಸೆಯಲೂ ಇಲ್ಲ. ನಕ್ಷೆಯಲ್ಲಿ ಜುಲೈ ಖಾಲಿಯೇ ಉಂಟು.

ಆ ಬಾಟ್ಲಿ ಲೆಕ್ಕಕ್ಕೆ ಬರಬೇಕು. ನನಗೆ ಬೇರೇನೂ ಬೇಡ. ಆದರೆ ಇದನ್ನು ಯಾರ ಹತ್ತಿರ ಹೇಗೆ ಹೇಳುವುದು.

ಜನವರಿ 19, ಗುರುವಾರ

ಡಾಕ್ಟ್ರು ಕರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಅಂದರು. ನೋಡಿದೆ. ಕಪ್ಪು ಗೆರೆಗಳು ಕಂಡವು. "ಕಂಡಿತಾ?" ಅಂದರು. ಹೂಂ ಅಂದೆ. ಮತ್ತೆ ಗೊತ್ತಾಯಿತು, ಅದು ನನ್ನದೇ ಕಣ್ಣಿನ ರೆಪ್ಪೆಯ ಕೂದಲು.

ಡಾಕ್ಟ್ರ ಹೆಸರು ರಾಧಾಕೃಷ್ಣ, ಐವರ್ನಾಡಿನ ಅಡಿಕೆ ತೋಟದ ಬ್ರಾಹ್ಮಣರು. ಮದ್ದು ಕೊಡುವ ಡಾಕ್ಟ್ರಲ್ಲ, ಓದಿ ಆದ ಡಾಕ್ಟ್ರು. ಗಾಜಿನ ಮೇಲೆ ಗುಲಾಬಿ ಬಣ್ಣದಲ್ಲಿ ಕೂತ ಪಚ್ಚಿಲೆಯನ್ನು ಮಗುವನ್ನು ನೋಡಿದ ಹಾಗೆ ನೋಡುತ್ತಾರೆ. ಅದೇ ಪಚ್ಚಿಲೆ ಚಿಪ್ಪಿನೊಂದಿಗೆ ಬಾಟ್ಲಿಗಳ ಡಬ್ಬದಲ್ಲಿ ಬಂದರೆ ಮೂಗಿಗೆ ಕರವಸ್ತ್ರ ಇಟ್ಟು ಅಂಗಳಕ್ಕೆ ಹೋಗುತ್ತಾರೆ. ಸಂಜೆ ಮನೆಗೆ ಹೋದರೆ ಹೆಂಡತಿ ಶಂಕರಿಯಮ್ಮ ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ಹೊಯ್ದ ಮೇಲೆಯೇ ಒಳಗೆ ಬಿಡುವುದಂತೆ.

ಈಗ ಪಚ್ಚಿಲೆ ತೆಗೆಸಿ ತರುವುದೂ ಬ್ಯಾರಿಯೇ. ಇವತ್ತು ಡಬ್ಬ ಇಳಿಸುತ್ತಾ ಕೇಳಿದರು, "ಎಂತ ಡಾಕ್ಟ್ರೇ, ಇಷ್ಟು ವರ್ಷ ಅದರ ಹೊಟ್ಟೆ ಒಳಗೆ ನೋಡಿದಿರಿ. ಒಂದು ಸಲ ನಿಮ್ಮ ಹೊಟ್ಟೆ ಒಳಗೆ ಅದು ಬಂದು ನೋಡುದು ಬೇಡ್ವಾ?"

"ನೀವು ಡಬ್ಬ ಇಟ್ಟು ಹೋಗಿ ಮಾರಾಯ್ರೆ" ಅಂದರು ಡಾಕ್ಟ್ರು, ಅಂಗಳದಿಂದಲೇ.

ಫೆಬ್ರವರಿ 6, ಸೋಮವಾರ

ಬೆಂಗಳೂರಿನಿಂದ ಕಾಗದ. ನಾಲ್ಕು ಜಾಗದ ಪಚ್ಚಿಲೆ ಕೆಟ್ಟಿದೆ ಎಂದು ಬರೆಯುತ್ತೀರಿ, ಯಾವುದಕ್ಕೆ ಹೋಲಿಸಿ ಕೆಟ್ಟಿದೆ? ಶುದ್ಧ ಸಮುದ್ರದ ಪಚ್ಚಿಲೆಯನ್ನು ಪಕ್ಕದಲ್ಲಿಟ್ಟು ತೋರಿಸಿ ಎಂದು.

ಡಾಕ್ಟ್ರ ಹತ್ತಿರ ಹಳೆಯ ಒಂದು ಪೆಟ್ಟಿಗೆ ಉಂಟು. ಕಾರ್ಖಾನೆಯ ಕೊಳವೆ ಹಾಕುವ ಮೊದಲು ಅದೇ ಬಂಡೆಯಿಂದ ತೆಗೆದು ಕೊಯ್ದಿಟ್ಟ ಗಾಜುಗಳು. ಅದನ್ನು ತೋರಿಸಬಹುದೇ ಎಂದು ಫೋನು ಮಾಡಿ ಕೇಳಿದರು. ಹಳೆಯದು ಹಳೆಯದೇ, ಈಗಿನ ಶುದ್ಧ ಸಮುದ್ರ ಬೇಕು ಅಂದರಂತೆ.

"ಈಗಿನ ಶುದ್ಧ ಸಮುದ್ರ ಎಲ್ಲಿಂದ ತರುದು?" ಅಂತ ಡಾಕ್ಟ್ರು ನನ್ನನ್ನು ಕೇಳಿದರು. ನಾನು ಚಹಾ ಲೋಟ ತೆಗೆದುಕೊಂಡು ಹೊರಗೆ ಬಂದೆ.

ಫೆಬ್ರವರಿ 9, ಗುರುವಾರ

ಶುದ್ಧ ಸಮುದ್ರವನ್ನು ಪುತ್ತೂರಿನಲ್ಲೇ ಮಾಡುವುದು ಎಂದು ತೀರ್ಮಾನವಾಯಿತು. ಸಲಹಾ ಸಮಿತಿಯ ಸಭೆ ಇತ್ತು. ಅಧ್ಯಕ್ಷರು ಗೌರೀಶಂಕರ ಭಟ್ಟರು. ಈ ಮನೆಯ ಧಣಿಯೂ ಅವರೇ, ಶಂಕರಿಯಮ್ಮನ ಸೋದರಮಾವನೂ ಅವರೇ. ಹಾಗಾಗಿ ಸಭೆಯಲ್ಲಿ ಡಾಕ್ಟ್ರು ಅವರನ್ನು ಒಮ್ಮೆ ಸರ್ ಅಂತಲೂ ಒಮ್ಮೆ ಮಾವ ಅಂತಲೂ ಕರೆಯುತ್ತಾರೆ.

ಡಾಕ್ಟ್ರ ಐವರ್ನಾಡಿನ ತೋಟದಲ್ಲಿ ಗುಡ್ಡ ಕೊರೆದ ಸುರಂಗದಿಂದ ಬರುವ ನೀರು, ಅದಕ್ಕೆ ಸಮುದ್ರದ ಉಪ್ಪು. ಹಾಕುವುದು ಯಾವುದಕ್ಕೆ? ಸಿಮೆಂಟಿನ ತೊಟ್ಟಿ ಅಂದರು ಡಾಕ್ಟ್ರು. ಭಟ್ಟರು ನಕ್ಕರು. "ಸಿಮೆಂಟು ಶುದ್ಧವಾ? ಪ್ಲಾಸ್ಟಿಕ್ ಶುದ್ಧವಾ? ದೇವರ ಅಭಿಷೇಕದ ನೀರು ನಾವು ಯಾವುದರಲ್ಲಿ ಇಡುದು? ನಮ್ಮಲ್ಲಿ ಹಿರಿಯರ ಕಾಲದ ತಾಮ್ರದ ಹಂಡೆ ಉಂಟು. ಎರಡು ಜನ ಕೂತು ಸ್ನಾನ ಮಾಡಬಹುದು. ಅದನ್ನು ನಾನು ಸಮುದ್ರಕ್ಕೆ ದಾನ ಕೊಡ್ತೇನೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಒಳ್ಳೆಯ ಮಾತು ಎಂದೇ ಕಂಡಿತು. ಅತ್ತೆಗೆ ಕೀಲು ನೋವು. ತಾಮ್ರದ ಚೆಂಬಿನ ನೀರು ಕುಡಿದರೆ ಕಡಿಮೆ ಎಂದು ನಾನೇ ಇಟ್ಟು ಕೊಡುತ್ತೇನೆ.

ಫೆಬ್ರವರಿ 15, ಬುಧವಾರ

ಸಮುದ್ರದ ಉದ್ಘಾಟನೆ. ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ ಬೆಳಗಿದವಳು ನಾನು. ಅಂಚಿನಲ್ಲಿ ಹೊಸದಾಗಿ 'ಶ್ರೀ ಗೌರೀಶಂಕರ ಭಟ್ಟರ ಕೊಡುಗೆ, ಸಮುದ್ರಕ್ಕೆ' ಎಂದು ಕೆತ್ತಿಸಿದ್ದರು. ಕುಂಕುಮ ಹಚ್ಚಿ, ಮಲ್ಲಿಗೆ ಮಾಲೆ ಹಾಕಿ, ಕಾಯಿ ಒಡೆದರು. ಕಾಯಿಯ ನೀರು ಸ್ವಲ್ಪ ಸಮುದ್ರಕ್ಕೂ ಬಿತ್ತು.

ಭಟ್ಟರು ಭಾಷಣ ಮಾಡಿದರು. "ಮಂಗಳೂರಿಗೆ ಸಮುದ್ರ ದೇವರು ಕೊಟ್ಟದ್ದು. ಪುತ್ತೂರಿಗೆ ನಾವೇ ಮಾಡಿಕೊಂಡದ್ದು. ಮಂಗಳೂರಿನ ಸಮುದ್ರಕ್ಕೆ ಯಾರ್ಯಾರೋ ಕೈ ಹಾಕ್ತಾರೆ. ಈ ಸಮುದ್ರಕ್ಕೆ ಮಡಿಯಲ್ಲಿ ಇದ್ದವರು ಮಾತ್ರ."

ಹಿಂದೆ ನಿಂತಿದ್ದ ಬ್ಯಾರಿ ಮೆಲ್ಲಗೆ, "ಹಾಗಾದ್ರೆ ಪಚ್ಚಿಲೆ ಒಳಗೆ ಹಾಕುದು ಯಾರು?" ಅಂದರು.

ಹಾಕಿದ್ದು ಅವರೇ. ಕಾಸರಗೋಡಿನ ಆಚೆಯಿಂದ ತಂದ ಒಳ್ಳೆಯ ಪಚ್ಚಿಲೆ, ಒಂದು ಬುಟ್ಟಿ. ಇವು ಹಂಡೆಯಲ್ಲಿ ಮೂರು ವಾರ ಶುದ್ಧ ಸಮುದ್ರ ಕುಡಿದು ಶುದ್ಧ ಪಚ್ಚಿಲೆ ಆಗಬೇಕು. ನನಗೆ ನಗು ಬಂತು. ಸೆರಗು ಬಾಯಿಗೆ ಇಟ್ಟುಕೊಂಡೆ. ಮನೆಗೆ ಬರುವ ದಾರಿಯಲ್ಲಿ, ನಕ್ಕೆನಲ್ಲ ಅಂತ ಬೇಸರವಾಯಿತು.

ಮಾರ್ಚ್ 3, ಶನಿವಾರ

ಹಂಡೆಯಲ್ಲಿ ದಿನಕ್ಕೆ ಕೆಲವು ಬಾಯಿ ತೆರೆದು ಬಿದ್ದಿರುತ್ತವೆ. ಮುಟ್ಟಿದರೆ ಮುಚ್ಚಿಕೊಳ್ಳುವುದಿಲ್ಲ. ಭಟ್ಟರು ಬಂದು ನೋಡಿ, "ಕೊಳಕಿನಲ್ಲಿ ಬೆಳೆದದ್ದು. ಶುದ್ಧ ನೀರು ಒಗ್ಗುದಿಲ್ಲ ಅವಕ್ಕೆ" ಅಂದರು.

ಮಾರ್ಚ್ 12, ಸೋಮವಾರ

ಬದುಕಿ ಉಳಿದ ಹಂಡೆಯ ಪಚ್ಚಿಲೆಯನ್ನು ಕಳೆದ ವಾರ ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಗಾಜಿಗೆ ಏರಿಸಿದ್ದಾಯಿತು. ಇವತ್ತು ಬೆಳಿಗ್ಗೆಯಿಂದ ಡಾಕ್ಟ್ರು ನೋಡಿದ್ದೇ ನೋಡಿದ್ದು. ಹಂಡೆಯದ್ದು ಒಂದು, ನಾಲ್ಕನೆಯ ಜಾಗದ್ದು ಒಂದು. ಮತ್ತೆ ಹಂಡೆಯದ್ದು. ಊಟಕ್ಕೂ ಏಳಲಿಲ್ಲ.

ಮಧ್ಯಾಹ್ನ ಎದ್ದು ಹಂಡೆಯ ಹತ್ತಿರ ಹೋದರು. ಒಳಗಿನ ಅಂಚಿಗೆ ಬೆರಳು ಉಜ್ಜಿ ನನಗೆ ತೋರಿಸಿದರು. ಹಸಿರು. "ಇದು ಎಂತ?"

"ಕಿಲುಬು ಸರ್. ಹುಳಿ ಹಾಕಿ ತಿಕ್ಕಿದರೆ ಹೋಗ್ತದೆ."

"ಸಮುದ್ರಕ್ಕೆ ಹುಳಿ ಹಾಕ್ತೀರಾ?" ಅಂತ ನಕ್ಕರು. ಆಮೇಲೆ ಹಂಡೆಯ ಪಕ್ಕದಲ್ಲೇ ನೆಲದಲ್ಲಿ ಕೂತರು. "ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಮೈಲುತುತ್ತ ಎಂತದ್ದು? ತಾಮ್ರ. ಮದ್ದು ಹೊಡೆದಾದ ಮೇಲೆ ಪಂಪು ತೋಡಿನಲ್ಲಿ ತೊಳೆದರೆ ಮೀನು ಮೇಲೆ ತೇಲ್ತದೆ. ಚಿಕ್ಕಂದಿನಿಂದ ನೋಡಿದ್ದೇನೆ. ಉಪ್ಪು ನೀರು ತಾಮ್ರವನ್ನು ತಿಂತದೆ, ಪಚ್ಚಿಲೆ ಆ ನೀರನ್ನು ಕುಡೀತದೆ. ಇದು ನನಗೆ ಹೊಳೆಯಬೇಕಿತ್ತು. ಮಾವ ತಾಮ್ರ ಶುದ್ಧ ಅಂದರು, ನಾನೂ ಹೌದು ಅಂದೆ. ನಮ್ಮಮ್ಮ ಕೊಟ್ಟ ತಾಮ್ರದ ಚೆಂಬಿನ ನೀರು ಕುಡಿದೇ ನಾನು ದೊಡ್ಡವನಾದದ್ದು."

ಅವರಿಗೆ ಚಹಾ ಕೊಟ್ಟೆ.

"ಈಗ ಎಂತ ಆಯ್ತು ಗೊತ್ತುಂಟಾ? ಶುದ್ಧ ಸಮುದ್ರದ ಪಚ್ಚಿಲೆಗೇ ಎಲ್ಲಕ್ಕಿಂತ ಹೆಚ್ಚು ಕಾಯಿಲೆ. ಅದರ ಪಕ್ಕ ಇಟ್ಟರೆ ಕಾರ್ಖಾನೆಯ ಬಂಡೆಯದ್ದು ಮದುಮಗನ ಹಾಗೆ ಕಾಣ್ತದೆ."

ಮಾರ್ಚ್ 20, ಮಂಗಳವಾರ

ಡಾಕ್ಟ್ರು ಭಟ್ಟರ ಹತ್ತಿರ ಹಂಡೆ ತೆಗೆಯುವ ಮಾತೆತ್ತಿದರು. ಒಳಗಿನಿಂದ ಭಟ್ಟರ ದನಿ ಮಾತ್ರ ಕೇಳುತ್ತಿತ್ತು. "ನನ್ನ ಅಜ್ಜ ಮಿಂದ ಹಂಡೆ ವಿಷ ಅಂತ ಹೇಳ್ತೀಯಾ ನೀನು? ಶಂಕರಿ ಕೂಡ ಅದರಲ್ಲೇ ಮಿಂದು ಬೆಳೆದವಳು. ಅವಳಿಗೆ ಎಂತ ಆಗಿದೆ?"

ಶಂಕರಿಯಮ್ಮನಿಗೆ ಏನೂ ಆಗಿಲ್ಲ. ಆದ್ದರಿಂದ ವರದಿ ಹಂಡೆಯ ಲೆಕ್ಕದಲ್ಲೇ ಹೋಯಿತು. ಡಾಕ್ಟ್ರು ಕೊನೆಯ ಸಾಲನ್ನು ನನಗೆ ಓದಿ ಹೇಳಿದರು: 'ನಾಲ್ಕನೆಯ ಜಾಗದ ಸಮುದ್ರವು ಶುದ್ಧ ಸಮುದ್ರಕ್ಕಿಂತಲೂ ಶುದ್ಧವಾಗಿರುವುದು ಕಂಡುಬಂದಿದೆ.' ಸಹಿ ಹಾಕಿ ಪೆನ್ನಿನ ಮುಚ್ಚಳ ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು.

ಏಪ್ರಿಲ್ 2, ಸೋಮವಾರ

ಬೆಂಗಳೂರಿನಲ್ಲಿ ಬಹಳ ಸಂತೋಷವಂತೆ. ಅಲ್ಲಿಯ ಒಂದು ಸಮಿತಿ ಬಂದು ಪುತ್ತೂರಿನ ಸಮುದ್ರ ನೋಡುತ್ತದಂತೆ. ಕಾರ್ಖಾನೆಯವರು ಇನ್ನೊಂದು ಕೊಳವೆಗೆ ಅರ್ಜಿ ಹಾಕಿದ್ದಾರೆ ಎಂದು ಬ್ಯಾರಿ ಹೇಳಿದರು. ಅವರಿಗೆ ಆ ಕಡೆಯ ಸುದ್ದಿ ಎಲ್ಲ ಗೊತ್ತು. "ಅಕ್ಕ, ಅವರು ಬೇಸಗೆಯಲ್ಲಿ ಸ್ವಲ್ಪ ಸ್ವಲ್ಪ ಬಿಡುದು. ಮಳೆಗಾಲದಲ್ಲಿ ಯಾರೂ ಆ ಕಡೆ ಬರುದಿಲ್ಲ ಅಂತ ತೊಟ್ಟಿ ಪೂರ್ತಿ ಖಾಲಿ ಮಾಡುದು. ಅವತ್ತು ನಾವು ಹೋದಾಗ ನೀರಿಗೆ ಚಹಾದ ಬಣ್ಣ ಇತ್ತು."

ಅವತ್ತು ಎಂದರೆ ಯಾವತ್ತು ಎಂದು ಇಬ್ಬರೂ ಹೇಳಲಿಲ್ಲ.

ಏಪ್ರಿಲ್ 14, ಶನಿವಾರ. ಬಿಸು

ಹೊಸ ವರ್ಷದ ಬೆಳಿಗ್ಗೆ ಎದ್ದ ಕೂಡಲೇ ನೋಡಲಿಕ್ಕೆ ಅತ್ತೆ ಕಣಿ ಇಟ್ಟಿದ್ದರು. ಈ ವರ್ಷ ನಮಗೆ ಹಬ್ಬ ಇಲ್ಲ, ಆದರೂ ಕನ್ನಡಿ, ಸೌತೆಕಾಯಿ, ಒಂದು ಹಿಡಿ ಅಕ್ಕಿ. "ನಾಳೆ ಬಂಗುಡೆ ಸಿಕ್ಕಿದರೆ ತಾ" ಅಂದರು, ನನ್ನ ಮುಖ ನೋಡದೆ. ಜುಲೈಯ ಮೇಲೆ ಮನೆಗೆ ಮೀನು ಬಂದಿಲ್ಲ. ತರುತ್ತೇನೆ ಅಂದೆ.

ಏಪ್ರಿಲ್ 18, ಬುಧವಾರ

ಡಾಕ್ಟ್ರನ್ನು ಕೇಳಿದೆ. ಬಾಗಿಲಿನ ಹತ್ತಿರ ಬಹಳ ಹೊತ್ತು ನಿಂತಿದ್ದೆನಂತೆ. "ಎಂತ ಮೋಹಿನಿ, ಸಂಬಳ ಬರಲಿಲ್ವಾ?" ಅಂದರು.

"ಜುಲೈ ಬಾಟ್ಲಿ ಒಂದು ಕೊಯ್ದು ನೋಡಬಹುದಾ ಸರ್?"

ಅವರು ಕಪಾಟಿನ ಕಡೆ ನೋಡಲಿಲ್ಲ. ಬಾಟ್ಲಿ ಎಲ್ಲಿದೆ ಎಂದು ಅವರಿಗೂ ಗೊತ್ತುಂಟು. "ಇಪ್ಪತ್ತೇ ಇರುದು. ಇಪ್ಪತ್ತೈದು ಬೇಕು ಅಂತ ನಿಯಮ."

"ಐದು ಕಡಿಮೆ ಅಷ್ಟೇ ಅಲ್ವ?"

"ನಾಲ್ಕು ಜಾಗ, ಹನ್ನೆರಡು ತಿಂಗಳು, ಎಲ್ಲ ಇಪ್ಪತ್ತೈದು. ಒಂದು ಕಡೆ ಬಿಟ್ಟರೆ ಎಲ್ಲ ಕಡೆ ಬಿಡಬೇಕು." ಆಮೇಲೆ ಮೆಲ್ಲಗೆ, "ನನಗೂ ನೋಡಬೇಕು ಅಂತ ಉಂಟು" ಅಂದರು.

ನೋಡಬೇಕು ಅಂತ ಇದ್ದರೆ ನೋಡುವುದಕ್ಕೆ ಎಂತ ಅಡ್ಡಿ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಹಾಲು ಉಕ್ಕಿತು.

ಮೇಲಿನ ಹಲಗೆ ಒರೆಸಿದೆ. ಧೂಳು ದಪ್ಪ ಕೂತಿತ್ತು.

ಏಪ್ರಿಲ್ 26, ಗುರುವಾರ

ಸಮಿತಿ ಬಂತು. ಬೆಂಗಳೂರಿನ ಮೂರು ಸಾಹೇಬರು. ಹಂಡೆಗೆ ಮತ್ತೆ ಮಾಲೆ. ಒಬ್ಬ ಸಾಹೇಬರು ಸಮುದ್ರದ ನೀರನ್ನು ಬೆರಳಲ್ಲಿ ಅದ್ದಿ ನಾಲಗೆಗೆ ಮುಟ್ಟಿಸಿ, "ಹೌದು, ಉಪ್ಪುಂಟು" ಅಂತ ಬರೆದುಕೊಂಡರು. ಪರಿಶೀಲನೆ ಅಲ್ಲಿಗೆ ಮುಗಿಯಿತು.

ಊಟ ಇಲ್ಲಿಯೇ. ಭಟ್ಟರು ಜಗಲಿಯ ಆ ತುದಿಯಲ್ಲಿ ಬಾಳೆ ಎಲೆ ಹಾಕಿಸಿಕೊಂಡು ಅವಲಕ್ಕಿ ಮೊಸರು ತಿಂದರು. ಸಾಹೇಬರಿಗೆ ಬ್ಯಾರಿಯ ಮನೆಯಿಂದ ಅವರ ಹೆಂಡತಿ ನೆಬೀಸ ಮಾಡಿ ಕಳಿಸಿದ ಪಚ್ಚಿಲೆ ಸುಕ್ಕ. ಬಹಳ ರುಚಿ ಅಂದರು. ಎರಡನೆಯ ಸಲ ಬಡಿಸಿಕೊಳ್ಳುವಾಗ ಒಬ್ಬರು ಕೇಳಿದರು, "ಇದು ಎಲ್ಲಿಯದಪ್ಪಾ?"

"ನಾಲ್ಕನೆಯ ಜಾಗದ್ದೇ ಸರ್" ಅಂದರು ಬ್ಯಾರಿ. "ಶುದ್ಧಕ್ಕಿಂತ ಶುದ್ಧ ಅಂತ ನೀವೇ ಒಪ್ಪಿದ್ದೀರಂತೆ."

ಮೂವರೂ ಅಗಿಯುವುದನ್ನು ನಿಲ್ಲಿಸಿದರು. ಒಬ್ಬರು ನೀರು ಕುಡಿದರು. "ತಮಾಷೆ ಸರ್, ಕಾಸರಗೋಡಿನದ್ದು" ಅಂತ ಬ್ಯಾರಿ ಹೇಳುವವರೆಗೆ ಯಾರೂ ನುಂಗಲಿಲ್ಲ. ಹೇಳಿದ ಮೇಲೂ ಎಲೆಯಲ್ಲಿ ಉಳಿಸಿದರು.

ಊಟದ ಮೇಲೆ ನಕ್ಷೆ ಹರಡಿದರು. ನಾನು ಚಹಾ ತಂದೆ. ದೊಡ್ಡ ಸಾಹೇಬರು ಬೆರಳಿಟ್ಟು, "ಇಲ್ಲಿ ನಾಲ್ಕನೆಯ ಜಾಗಕ್ಕೆ ಜುಲೈ ಖಾಲಿ ಇದೆಯಲ್ಲ?" ಅಂದರು.

ಭಟ್ಟರು ಹೇಳಿದರು, "ಅದು ಎಂತ ಇಲ್ಲ ಸರ್. ಆ ತಿಂಗಳು ಅಟೆಂಡರ್ ರಜೆಯಲ್ಲಿದ್ದ."

"ಯಾರು ಅಟೆಂಡರು?"

"ಒಬ್ಬ ಇದ್ದ, ಪೆರಾಬೆ ಕಡೆಯವ. ಹೆಸರು ಈಗ ನೆನಪಾಗುದಿಲ್ಲ."

ಡಾಕ್ಟ್ರು ಬಾಯಿ ತೆರೆದರು. ಆದರೆ ಅವರಿಗಿಂತ ಮೊದಲು ನಾನು ಹೇಳಿಬಿಟ್ಟಿದ್ದೆ. "ಸುಂದರ."

ಎಲ್ಲರೂ ನನ್ನ ಕಡೆ ತಿರುಗಿದರು.

"ಸುಂದರ ಅಂತ ಹೆಸರು. ರಜೆಯಲ್ಲಿ ಇರಲಿಲ್ಲ, ಕೆಲಸಕ್ಕೆ ಹೋಗಿದ್ದರು. ತಂದದ್ದು ಉಂಟು."

ಸ್ಟೂಲು ಎಳೆದು ಹತ್ತಿ ಬಾಟ್ಲಿ ತೆಗೆದು ನಕ್ಷೆಯ ಮೇಲೆ ಇಟ್ಟೆ. ಅವಸರದಲ್ಲಿ ಟ್ರೇಯನ್ನು ಓರೆಯಾಗಿ ಇಟ್ಟ ಕಾರಣ ಎರಡು ಲೋಟದ ಚಹಾ ಚೆಲ್ಲಿತು. ಅದು ನನ್ನ ತಪ್ಪು.

"ಎಷ್ಟುಂಟು ಇದರಲ್ಲಿ?" ಅಂದರು ಸಾಹೇಬರು.

ಡಾಕ್ಟ್ರು ಎದ್ದು ನಿಂತಿದ್ದರು. "ಇಪ್ಪತ್ತು ಸರ್."

"ಇಪ್ಪತ್ತೈದು ಬೇಕಲ್ಲ."

"ಉಳಿದ ಐದಕ್ಕೆ ಇಳಿದಾಗಲೇ ಅವ ಹೋದದ್ದು, ಸರ್."

ಮಧ್ಯದ ಸಾಹೇಬರು ದೊಡ್ಡ ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು. ಖಾಲಿ ಬಿಟ್ಟರೆ ಆಡಿಟಿನವರು ಹಿಡಿಯುತ್ತಾರೆ, ಕಡಿಮೆ ಇದ್ದರೆ ಹಿಡಿಯುವುದಿಲ್ಲ ಎಂದು. ದೊಡ್ಡ ಸಾಹೇಬರು ಬಾಟ್ಲಿಯನ್ನು ನಕ್ಷೆಯಿಂದ ಆಚೆ ಸರಿಸಿ, "ಸರಿ, ಕೊಯ್ದು ನೋಡಿ" ಅಂದರು.

ಹೋಗುವಾಗ ಭಟ್ಟರು ಡಾಕ್ಟ್ರಿಗೆ ಹೇಳಿದ್ದು ನನಗೆ ಕೇಳಿತು. "ಬಾಯಿಲ್ಲದ ಹೆಂಗಸು ಅಂತ ಅಲ್ವ ನೀನು ಹೇಳಿದ್ದು?"

ಪಾತ್ರೆ ತೊಳೆದು ಬರುವಾಗ ಬಸ್ಸು ತಪ್ಪಿತು. ನಡೆದೇ ಬಂದೆ. ಸುಕ್ಕ ಉಳಿದಿತ್ತು, ಅತ್ತೆಗೆ ತಂದೆ. ನಾನೂ ತಿಂದೆ.

ಏಪ್ರಿಲ್ 27, ಶುಕ್ರವಾರ

ಕೆಲಸದಿಂದ ತೆಗೆಯುತ್ತಾರೆ ಎಂದು ಹೋದೆ. ಯಾರೂ ಏನೂ ಹೇಳಲಿಲ್ಲ. ಗಾಜು ಒರೆಸಿದೆ.

ಮೇ 9, ಬುಧವಾರ

ಸುಂದರರ ಬಾಟ್ಲಿ ತೆರೆದರು. ಕಡ್ಡಿಗಳು ಇಟ್ಟ ಹಾಗೆಯೇ ಇದ್ದವು. ಡಾಕ್ಟ್ರು ಇವತ್ತು ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ. ಒಂದೊಂದನ್ನೂ ತಾವೇ ಕೈಯಲ್ಲಿ ತೆಗೆದರು. "ಕಡ್ಡಿ ಇಟ್ಟದ್ದಕ್ಕೆ ಒಳಗಿನ ಮಾಂಸ ಹಾಳಾಗಲಿಲ್ಲ" ಅಂದರು.

ಈ ವರ್ಷ ಸೆಕೆ ಹೆಚ್ಚು, ಮೇಣ ಗಟ್ಟಿ ನಿಲ್ಲುವುದಿಲ್ಲ. ಬ್ಯಾರಿ ಮೀನಿನ ಐಸು ತಂದು ಕೊಟ್ಟರು. ಅದರ ಮೇಲೆ ಮೇಣದ ತುಂಡುಗಳನ್ನು ಇಟ್ಟು ನಾನು ಕಾದೆ.

ಮೇ 16, ಬುಧವಾರ

ಡಾಕ್ಟ್ರು ನೋಡಲಿಕ್ಕೆ ಕರೆದರು. ಈ ಸಲ ಕಣ್ಣನ್ನು ಸ್ವಲ್ಪ ದೂರ ಇಟ್ಟೆ.

ಮೊದಲು ಹಳೆಯ ಪೆಟ್ಟಿಗೆಯದ್ದು, ಕೊಳವೆ ಬರುವ ಮೊದಲಿನದ್ದು. ಕಿವಿರು ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ, ಅಂಚಿನಲ್ಲಿ ರೋಮದಂಥದ್ದು. ಎಲ್ಲ ಗುಲಾಬಿ, ನಡುವೆ ನೀಲಿ ಚುಕ್ಕೆ. ಚಂದ ಉಂಟು ಅಂದೆ.

ಆಮೇಲೆ ಜುಲೈಯದ್ದು. ಹಲ್ಲುಗಳು ಒಂದಕ್ಕೊಂದು ಅಂಟಿ, ಕೆಲವು ಮುರಿದು, ರೋಮ ಇಲ್ಲ. ಅಲ್ಲಲ್ಲಿ ಕಂದು ಬಣ್ಣದ ಗಂಟು.

"ಇದಕ್ಕೆ ನೋವಾಗ್ತಿತ್ತಾ ಸರ್?" ಅಂತ ಕೇಳಿದೆ.

"ಗೊತ್ತಿಲ್ಲ" ಅಂದರು. "ಉಸಿರಾಡಲಿಕ್ಕೆ ಕಷ್ಟ ಆಗ್ತಿತ್ತು."

ಇಪ್ಪತ್ತರಲ್ಲಿ ಒಂದೂ ಸರಿ ಇರಲಿಲ್ಲ. ಇಡೀ ವರ್ಷದ ಎಲ್ಲ ಬಾಟ್ಲಿಗಳಲ್ಲಿ ಇದೇ ಹೆಚ್ಚು ಕೆಟ್ಟದ್ದು. ಡಾಕ್ಟ್ರು ನಕ್ಷೆಯಲ್ಲಿ ಜುಲೈಯ ಮನೆಯಲ್ಲಿ ಸಂಖ್ಯೆ ಬರೆದು, ಕೆಳಗೆ 'ತಂದವರು: ಸುಂದರ' ಎಂದು ಬರೆದರು. ಬೇರೆ ಯಾವ ತಿಂಗಳಿಗೂ ಹಾಗೆ ಹೆಸರು ಬರೆದಿಲ್ಲ. ಹಂಡೆಯ ಲೆಕ್ಕ ತಪ್ಪು, ತಾಮ್ರದ್ದು, ಎಂದು ಇನ್ನೊಂದು ಕಾಗದವನ್ನೂ ಬರೆದು ನನ್ನ ಕೈಯಲ್ಲೇ ಪೋಸ್ಟಿಗೆ ಕೊಟ್ಟರು. "ಬೇಗ ಹಾಕಿ. ಮನೆಗೆ ಹೋಗಿ ಊಟ ಮಾಡಿದರೆ ನನಗೆ ಧೈರ್ಯ ಹೋಗ್ತದೆ."

ಮೇ 24, ಗುರುವಾರ

ಭಟ್ಟರು ಆಳುಗಳನ್ನು ಕಳಿಸಿ ಹಂಡೆ ವಾಪಸು ತೆಗೆದುಕೊಂಡು ಹೋದರು. ಸಮುದ್ರವನ್ನು ಅಂಗಳದ ತೆಂಗಿನ ಬುಡಕ್ಕೆ ಚೆಲ್ಲಿದರು. ಅವರ ಮನೆಯಲ್ಲಿ ಈಗ ಅದರಲ್ಲೇ ಸ್ನಾನವಂತೆ. ಎಷ್ಟು ತೊಳೆದರೂ ಉಪ್ಪಿನ ವಾಸನೆ ಹೋಗುವುದಿಲ್ಲ ಎಂದು ಅಲ್ಲಿಗೆ ಹೋಗಿ ಬಂದ ಶಂಕರಿಯಮ್ಮ ಹೇಳಿದರಂತೆ. ಡಾಕ್ಟ್ರನ್ನು ಆ ಮನೆಗೆ ಈಗ ಊಟಕ್ಕೆ ಕರೆಯುವುದಿಲ್ಲ.

ಮೇ 30, ಬುಧವಾರ

ಬೆಂಗಳೂರಿನ ಉತ್ತರ. ಬ್ಯಾರಿ ಬಂದಿದ್ದರು, ಡಾಕ್ಟ್ರು ನಮ್ಮಿಬ್ಬರಿಗೂ ಓದಿದರು.

'ನಾಲ್ಕನೆಯ ಜಾಗದಲ್ಲಿ ಜುಲೈ ತಿಂಗಳಲ್ಲಿ ಸಮುದ್ರ ತೀವ್ರವಾಗಿ ಕೆಟ್ಟಿರುವುದನ್ನು ಸಮಿತಿ ಗಮನಿಸಿದೆ. ಆದ್ದರಿಂದ ಇನ್ನು ಮುಂದೆ ಜುಲೈ ತಿಂಗಳಲ್ಲಿ ಪಚ್ಚಿಲೆ ಸಂಗ್ರಹಿಸತಕ್ಕದ್ದಲ್ಲ.'

"ಜ್ವರ ಇರುವ ದಿವಸ ಥರ್ಮಾಮೀಟರ್ ಇಡುದು ಬೇಡ ಅಂದ ಹಾಗಾಯ್ತು" ಅಂದರು ಬ್ಯಾರಿ.

ಡಾಕ್ಟ್ರು ನಕ್ಕರು, ಆಮೇಲೆ ನಗಲಿಲ್ಲ. "ಎರಡನೆಯ ಕೊಳವೆಯ ಅರ್ಜಿಯನ್ನು ಮಾತ್ರ ಸದ್ಯಕ್ಕೆ ತಡೆದಿದ್ದಾರೆ. ಅಷ್ಟಾದರೂ ಆಯ್ತು. ಜುಲೈ ಬಿಟ್ಟು ಹನ್ನೊಂದು ತಿಂಗಳು ನಾವು ನೋಡುವ" ಅಂದರು.

ಜುಲೈಯಲ್ಲಿ ಬೇಡ ಎಂದದ್ದು ಒಳ್ಳೆಯದೇ ಎಂದು ನನಗೆ ಕಂಡಿತು. ಅವರು ಹೇಳಿದ ಕಾರಣಕ್ಕಲ್ಲ. ಇನ್ನು ಯಾರೂ ಆ ತಿಂಗಳು ಅಲ್ಲಿ ಇಳಿಯುವುದಿಲ್ಲ.

ಜೂನ್ 1, ಶುಕ್ರವಾರ

ಕೊಯ್ದು ಮುಗಿದ ಬಾಟ್ಲಿಗಳು ತೊಳೆಯಲಿಕ್ಕೆ ಬಂದವು. ಲೆಕ್ಕಕ್ಕೆ ಬಂದ ಬಾಟ್ಲಿಯನ್ನು ಇಟ್ಟುಕೊಳ್ಳುವ ಕ್ರಮ ಇಲ್ಲ; ತೊಳೆದು ಮುಂದಿನದಕ್ಕೆ ಉಪಯೋಗಿಸುವುದು. ಅವುಗಳ ನಡುವೆ ಸುಂದರರ ಬಾಟ್ಲಿಯೂ ಇತ್ತು. ಇದನ್ನು ನಾನು ಯೋಚನೆ ಮಾಡಿರಲಿಲ್ಲ.

ಡಾಕ್ಟ್ರು ಬಂದು ಬಾಗಿಲಲ್ಲಿ ನಿಂತರು. "ಅದೊಂದು ಬೇಕಾದ್ರೆ ನೀವು ಮನೆಗೆ ತೆಗೆದುಕೊಂಡು ಹೋಗಿ ಮೋಹಿನಿ. ಯಾರೂ ಕೇಳುದಿಲ್ಲ."

ಮನೆಯಲ್ಲಿ ಎಲ್ಲಿ ಇಡುವುದು ಎಂದು ಯೋಚಿಸಿದೆ. ಮದ್ದಿನ ವಾಸನೆ ಹೋಗುವುದಿಲ್ಲ, ಉಪ್ಪಿನಕಾಯಿಗೂ ಆಗುವುದಿಲ್ಲ. "ಇಲ್ಲಿ ಬಾಟ್ಲಿ ಕಡಿಮೆ ಉಂಟು ಸರ್" ಅಂದೆ. ಅವರು ಒಳಗೆ ಹೋದರು.

ಬಿಸಿ ನೀರಿನಲ್ಲಿ ಮುಳುಗಿಸಿ ಇಟ್ಟೆ. ಚೀಟಿ ಗಟ್ಟಿ ಅಂಟಿತ್ತು, ಅನ್ನದ ಗಂಜಿ ಹಾಕಿ ಅಂಟಿಸಿದ್ದಿರಬೇಕು. ಮೊದಲು ಮೂಲೆ ಎದ್ದಿತು. ಶಾಯಿ ನೀರಿಗೆ ಇಳಿಯಿತು, ಸ್ವಲ್ಪ ನೀಲಿ ಆಯಿತು. ಉಳಿದದ್ದನ್ನು ಉಗುರಿನಲ್ಲಿ ತೆಗೆದೆ. ಒಳಗೆ ಸಾಬೂನು ಹಾಕಿ ತೊಳೆದು, ಮೂರು ನೀರು ಹೊಯ್ದು, ಉಳಿದವುಗಳ ಜೊತೆ ಅಂಗಳದ ಹಲಗೆಯಲ್ಲಿ ಬೋರಲು ಹಾಕಿದೆ. ಮಳೆ ಇನ್ನೂ ಹಿಡಿದಿಲ್ಲ, ಬಿಸಿಲಿತ್ತು.

ಸಂಜೆ ಒರೆಸಿ ಒಳಗಿಡುವಾಗ ಅದು ಯಾವುದು ಎಂದು ಗೊತ್ತಾಗಲಿಲ್ಲ. ಎತ್ತಿ ಎತ್ತಿ ನೋಡಿದೆ. ಎಲ್ಲ ಒಂದೇ ಹಾಗೆ ಇದ್ದವು.

ನಾಳೆ ಬೆಳಿಗ್ಗೆಯ ಲಾರಿಗೆ ನಾಲ್ಕು ಬಾಟ್ಲಿ ಕಳಿಸಬೇಕು. ಮುಚ್ಚಳ ಎಲ್ಲ ಸರಿ ಕೂರುತ್ತದೆಯೋ ನೋಡಿ ಇಟ್ಟಿದ್ದೇನೆ.